ಕೆಂಚಿಯ ಪಾಲಿನ ರೊಟ್ಟಿ

ಭದ್ರಾವತಿಯಲ್ಲಿ ಬೆಳೆದವರಿಗೆ ಸೈರನ್ ಕೇಳಿದರೆ ಎದೆ ಧಸಕ್ಕೆನ್ನುವುದಿಲ್ಲ, ಹೊಟ್ಟೆ ಹಸಿಯುತ್ತದೆ. ನಮ್ಮ ಕಾಲದಲ್ಲಂತೂ ಬೆಳಿಗ್ಗೆ ಆರರ ಕೂಗಿಗೆ ಕಾಫಿ, ಮಧ್ಯಾಹ್ನ ಎರಡರ ಕೂಗಿಗೆ ಅಪ್ಪನ ಊಟ, ರಾತ್ರಿ ಹತ್ತರ ಕೂಗಿಗೆ ಮಲಗಿದ ಮಕ್ಕಳು ಮಗ್ಗುಲು ಬದಲಿಸುವುದು. ಕಬ್ಬಿಣದ ಕಾರ್ಖಾನೆಯ ಪಾಳಿ ಬದಲಾಗುವ ಆ ಸದ್ದನ್ನು ನಂಬಿ ಊರಿಗೆ ಊರೇ ಒಲೆ ಹಚ್ಚುತ್ತಿತ್ತು. ನ್ಯೂಟೌನಿನ ಕ್ವಾರ್ಟರ್ಸ್ ಸಾಲುಗಳಲ್ಲಿ ಗೋಡೆ ಗಡಿಯಾರವಿದ್ದ ಮನೆಗಳೇ ಕಡಿಮೆ. ಇದ್ದವರೂ ಅದನ್ನು ಸೈರನ್ನಿಗೆ ಸರಿಮಾಡಿಕೊಳ್ಳುತ್ತಿದ್ದರು. ಊರಿನ ಹಳೆಯ ಹೆಸರು ಬೆಂಕಿಪುರ. 1923ರ ಜನವರಿಯಲ್ಲಿ ಮಲೆನಾಡಿನ ಇದ್ದಿಲು ಉರಿಸಿ ಅಲ್ಲಿ ಕಬ್ಬಿಣ ಹರಿಸತೊಡಗಿದ ಮೇಲೆ ಆ ಹಳೆಯ ಹೆಸರಿಗೂ ಒಂದು ಅರ್ಥ ಬಂದಂತಾಯಿತು ಎಂದು ಅಪ್ಪ ಹೇಳುತ್ತಿದ್ದರು.

ಯುದ್ಧ ನಮ್ಮ ಮನೆಗೆ ಮೊದಲು ಬಂದದ್ದು ಅಂಚೆಯಲ್ಲಿ. 1971ರ ನವೆಂಬರ್ 15ರಿಂದ ಪ್ರತಿ ಕಾಗದಕ್ಕೂ ಐದು ಪೈಸೆಯ ಹೆಚ್ಚುವರಿ ಸ್ಟಾಂಪು ಹಚ್ಚಬೇಕೆಂದಾಯಿತು. ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರಿಗಾಗಿ ಆ ದುಡ್ಡು. ಕೋಟಿಯ ಹತ್ತಿರ ಜನ ಗಡಿ ದಾಟಿ ಬಂದಿದ್ದಾರೆ ಎಂದು ರೇಡಿಯೋ ಹೇಳುತ್ತಿತ್ತು. ಕೋಟಿ ಎಂದರೆ ಎಷ್ಟು ಎಂದು ನನಗೆ ತಿಳಿಯುತ್ತಿರಲಿಲ್ಲ. ಸ್ಟಾಂಪು ಮಾತ್ರ ಕೈಗೆ ಸಿಗುವಂಥದು. ನೀರಿನಲ್ಲಿ ನೆನೆಸಿ, ಬಿಡಿಸಿ, ಒಣಗಿಸಿ ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಳ್ಳುತ್ತಿದ್ದೆ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ಪಶ್ಚಿಮದ ವಾಯುನೆಲೆಗಳ ಮೇಲೆ ಬಾಂಬು ಹಾಕಿದವು. ಆ ಹೊತ್ತಿಗೆ ಮುಂಬಯಿಯಿಂದ ಬಂದಿದ್ದ ಎದುರುಮನೆಯ ಅಳಿಯಂದಿರು, ಸೈರನ್ ಕೂಗಿದ ಕೂಡಲೇ ದೀಪ ಆರಿಸಿ ಮಂಚದ ಕೆಳಗೆ ನುಸುಳಬೇಕು, ಉಸಿರೆತ್ತಬಾರದು ಎಂದು ಜಗಲಿಯ ಮೇಲೆ ಕೂತು ವಿವರಿಸಿದರು. ಅಲ್ಲಿಗೆ ಸಾಲಿನ ಮಕ್ಕಳಿಗೆಲ್ಲ ಗೊಂದಲ ಶುರುವಾಯಿತು. ಊಟಕ್ಕೂ ಅದೇ ಸದ್ದು, ಸಾವಿಗೂ ಅದೇ ಸದ್ದು ಎಂದರೆ ಹೇಗೆ? ಎರಡು ಗಂಟೆಯ ಸೈರನ್ ಕೂಗಿದಾಗ ಅಪ್ಪ ಬರುತ್ತಾರೆಂದು ಬಾಗಿಲಿಗೆ ಓಡಬೇಕೋ, ಮಂಚದ ಕೆಳಗೆ ಹೋಗಬೇಕೋ?

ನಮ್ಮ ಸಾಲಿನ ಹಿರಿಯರು ಸೇರಿ, ಸಂಜೆಯ ದೀಪ ಹೊರಗೆ ಕಾಣಬಾರದು ಎಂದು ತೀರ್ಮಾನಿಸಿದರು. ಪೇಪರ್ ಟೌನಿನ ನೆಂಟರಿಂದ ದಪ್ಪನೆಯ ಕಂದು ಕಾಗದ ತಂದು, ಮೈದಾ ಗೋಂದು ಕಾಯಿಸಿ ಕಿಟಕಿಗೆಲ್ಲ ಅಂಟಿಸಿದರು. ಗೋಂದು ಹಚ್ಚುವ ಕೆಲಸ ಅಣ್ಣನದು. ನನಗೆ ಆ ಕೆಲಸವನ್ನೂ ಕೊಡಲಿಲ್ಲ. ಆದರೆ ಕಿಟಕಿ ಮುಚ್ಚಿ ಏನು ಮಾಡುವುದು? ಕಾರ್ಖಾನೆಯಲ್ಲಿ ಕಾದ ಕಿಟ್ಟ ಸುರಿದಾಗ ಆಕಾಶ ಅರ್ಧಕ್ಕರ್ಧ ಕೆಂಪಾಗುತ್ತಿತ್ತು. ಆ ಬೆಳಕಿನಲ್ಲಿ ಮನೆಯ ಹೆಂಚುಗಳನ್ನು ಎಣಿಸಬಹುದಿತ್ತು. ಅಪ್ಪ ಕುಲುಮೆ ವಿಭಾಗದವರು. "ಕುಲುಮೆ ಆರಿಸಕ್ಕೆ ಆಗಲ್ಲ ಪುಟ್ಟಿ, ಒಳಗಿರೋದು ಗಟ್ಟಿಯಾಗಿಬಿಡತ್ತೆ" ಅಂದರು. ಅಷ್ಟು ಹೇಳಿ ಬಾಕ್ಸು ಹಿಡಿದು ಸೈಕಲ್ ಹತ್ತಿದರು.

ಇನ್ನು ಕೆಂಚಿಯ ವಿಷಯ. ಸಾಲಿನ ತುದಿಯಲ್ಲಿ ರಸ್ತೆ ಕೆಳಗೆ ಒಂದು ಮೋರಿ. ಮಳೆ ನಿಂತ ಮೇಲೆ ಒಣಗಿರುತ್ತಿತ್ತು. ಕಾರ್ತೀಕ ಕಳೆದು ಚಳಿ ಬೀಳುವ ಹೊತ್ತಿಗೆ ಬೀದಿನಾಯಿಗಳು ಮರಿ ಹಾಕುವ ಕಾಲ. ಕೆಂಪು ಮೈಯ, ಎಡ ಕಿವಿ ಹರಿದ ಕೆಂಚಿ ಆ ವರ್ಷ ಅದೇ ಮೋರಿಯಲ್ಲಿ ಮರಿ ಹಾಕಿದ್ದಳು. ಅವಳು ಯಾರ ನಾಯಿಯೂ ಅಲ್ಲ. ಬೈಯುವಾಗ ಮಾತ್ರ ಎಲ್ಲರ ನಾಯಿ. ಹಾಲು ಕುಡಿಸುತ್ತಿದ್ದುದರಿಂದ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಹತ್ತಿರ ಹೋದರೆ ಮೊದಲು ಹಲ್ಲು ತೋರಿಸುವಳು, ಆಮೇಲೆ ಕೈಯಲ್ಲೇನಿದೆ ಎಂದು ಮೂಗು ಚಾಚುವಳು. ಅಮ್ಮನಿಗೆ ಪಾಕಿಸ್ತಾನದ ಬಾಂಬಿಗಿಂತ ಕೆಂಚಿಯ ಹಲ್ಲಿನ ಭಯ ಜಾಸ್ತಿ. ಅದಕ್ಕೆ ಕಾರಣವಿತ್ತು. ಆಗ ಹುಚ್ಚುನಾಯಿ ಕಡಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆ ಅದು. ಚುಚ್ಚಿಸಿಕೊಂಡ ಮಕ್ಕಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯಿಂದ ಬರುವುದನ್ನು ನಾವೆಲ್ಲ ನೋಡಿದ್ದೆವು. ಚುಚ್ಚಿಸಿಕೊಳ್ಳದೆ ಹೋದವರ ಕಥೆ ಅಮ್ಮನಿಗೆ ಗೊತ್ತಿತ್ತು. ಅದನ್ನು ಅವರು ಪೂರ್ತಿ ಹೇಳುತ್ತಿರಲಿಲ್ಲ.

ಕೆಂಚಿಗೆ ಒಂದು ಅಭ್ಯಾಸವಿತ್ತು. ಸೈರನ್ ಕೂಗಿದರೆ ಕತ್ತು ಮೇಲೆತ್ತಿ, ಕಣ್ಣು ಅರೆ ಮುಚ್ಚಿ, ಜೊತೆಗೇ ಊಳಿಡುವುದು. ಸೈರನ್ ಏರಿದರೆ ಏರುವಳು, ಇಳಿದರೆ ಇಳಿಯುವಳು. ಅದು ನಿಂತ ಮೇಲೂ ಸ್ವಲ್ಪ ಹೊತ್ತು ಒಬ್ಬಳೇ ಮುಂದುವರಿಸುವಳು. ಆಗ ಹಳೇನಗರದ ಕಡೆಯಿಂದ, ಜನ್ನಾಪುರದ ಕಡೆಯಿಂದ ಬೇರೆ ನಾಯಿಗಳೂ ದನಿ ಸೇರಿಸುತ್ತಿದ್ದವು. ದೂರದಿಂದ ಬರುವ ಎಳೆದ ಸದ್ದು ನಾಯಿಗೆ ಇನ್ನೊಂದು ನಾಯಿಯ ಕರೆಯ ಹಾಗೆ ಕೇಳುತ್ತದಂತೆ. ಮನುಷ್ಯರ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಹಿಡಿದರೆ ಅವುಗಳದು 45,000ದ ಆಸುಪಾಸು ಹೋಗುತ್ತದೆ ಎಂದು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಈಚೆಗೆ ನನಗೆ ಹೇಳಿದಳು. ಆ ವಯಸ್ಸಿನಲ್ಲಿ ನನಗೆ ಇದೆಲ್ಲ ಎಲ್ಲಿ ಗೊತ್ತು? ಮಂಚದ ಕೆಳಗೆ ಉಸಿರೆತ್ತಬಾರದು ಎಂದು ಮುಂಬಯಿಯವರು ಹೇಳಿದ್ದು ಗೊತ್ತಿತ್ತು. ಊರೆಲ್ಲ ಕತ್ತಲು ಮಾಡಿಕೊಂಡು ಕೂತಿರುವಾಗ ಈ ಕೆಂಚಿ ಊಳಿಟ್ಟರೆ ವಿಮಾನದವರಿಗೆ ನಮ್ಮ ಜಾಗ ಗೊತ್ತಾಗುವುದಿಲ್ಲವೇ? ಗೊತ್ತಾದರೆ ಮೊದಲು ಬಾಂಬು ಬೀಳುವುದು ಆ ಮೋರಿಗೇ, ಮರಿಗಳ ಮೇಲೇ.

ಹಾಗಾಗಿ ಹತ್ತು ಗಂಟೆಯ ಸೈರನ್ನಿಗೆ ಮೊದಲು ಕೆಂಚಿಯ ಬಾಯಿಗೆ ಏನಾದರೂ ಕೊಡುವುದು ನನ್ನ ಕೆಲಸವಾಯಿತು. ಯಾರೂ ಹೇಳಿಕೊಟ್ಟದ್ದಲ್ಲ. ರಾತ್ರಿ ಊಟದ ಅಕ್ಕಿರೊಟ್ಟಿಯಲ್ಲಿ ಒಂದನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು ಮಲಗುವುದು. ನಿದ್ದೆ ಬರದಂತೆ ಮಗ್ಗಿ ಹೇಳಿಕೊಳ್ಳುವುದು. ಹಿತ್ತಿಲ ಬಾಗಿಲ ಚಿಲಕ ಸದ್ದಾಗದಂತೆ ಎಣ್ಣೆ ಬೆರಳಿನಲ್ಲಿ ಹಿಡಿದು ಸರಿಸುವುದು. ಹೊರಗೆ ಬಂದರೆ ಚಳಿ, ಕಲ್ಲಿದ್ದಲಿನ ಹೊಗೆ ವಾಸನೆ, ಮೇಲೆ ಆ ಕೆಂಪು ಆಕಾಶ. ಮೋರಿಯ ಬಾಯಲ್ಲಿ ಕುಕ್ಕರಗಾಲಿನಲ್ಲಿ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿ ಕೊಡುತ್ತಿದ್ದೆ. ಒಂದೇ ಸಲ ಕೊಟ್ಟರೆ ನುಂಗಿ ಮುಗಿಸಿ ಊಳಿಡುತ್ತಾಳಲ್ಲ! ಸೈರನ್ ಏರುತ್ತಿದ್ದಂತೆ ಅವಳ ಕತ್ತು ಮೇಲೇಳುವುದು, ನಾನು ಚೂರು ಮುಂದೆ ಹಿಡಿಯುವುದು, ಕತ್ತು ಇಳಿಯುವುದು. ಅಕ್ಕಿರೊಟ್ಟಿ ನಾಲಿಗೆಗೆ ಅಂಟಿಕೊಂಡು ಅವಳು ಬಾಯಿ ಚಪ್ಪರಿಸುತ್ತಿದ್ದಂತೆ ಸೈರನ್ ಇಳಿದು ನಿಲ್ಲುತ್ತಿತ್ತು. ಒಳಗಡೆ ಮರಿಗಳು ಕುಂಯ್‌ಗುಡುತ್ತಿದ್ದವು. ನನ್ನ ಎದೆ ಡವಗುಟ್ಟುತ್ತಿದ್ದುದು ಕೆಂಚಿಗೂ ಕೇಳಿಸುತ್ತಿತ್ತೇನೋ.

ಅಜ್ಜಿಗೆ ಇದು ಬೇಗ ಗೊತ್ತಾಯಿತು. ಅಜ್ಜಿ ಮಡಿಯವಳು, ನಾಯಿ ನೆರಳು ಬಿದ್ದರೂ ಕಾಲು ತೊಳೆಯುವವಳು. ನನ್ನನ್ನು ಬೈಯಲಿಲ್ಲ, ಅಮ್ಮನಿಗೂ ಹೇಳಲಿಲ್ಲ. ಮಾರನೆಯ ದಿನದಿಂದ ಒಂದು ರೊಟ್ಟಿ ಹೆಚ್ಚಿಗೆ ತಟ್ಟಿ, ಹಿತ್ತಿಲ ಬಾಗಿಲ ಪಕ್ಕದ ಗೂಡಿನಲ್ಲಿ ಮುಚ್ಚಿಡತೊಡಗಿದಳು. ಅಪ್ಪನಿಗೆ ತಿಳಿದಾಗ ಅವರು ನಕ್ಕು, ಮೇಲೆ ಹಾರುವ ವಿಮಾನಕ್ಕೆ ನಾಯಿ ಕೂಗು ಕೇಳುವುದಿಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೂ ಕೊಡು, ಹಾಲೂಡೋ ನಾಯಿ" ಅಂದರು.

ಆ ರೊಟ್ಟಿಯ ಬಗ್ಗೆ ನಾನು ಎಷ್ಟೋ ವರ್ಷ ಯೋಚಿಸಿದ್ದೇನೆ. ಯುದ್ಧದಲ್ಲಿ ದೊಡ್ಡವರಿಗೆಲ್ಲ ಒಂದೊಂದು ಕೆಲಸ ಸಿಗುತ್ತದೆ. ಅಪ್ಪನಿಗೆ ಕುಲುಮೆ, ಅಮ್ಮನಿಗೆ ರೇಷನ್ ಅಕ್ಕಿ ಹೊಂದಿಸುವುದು, ಅಣ್ಣನಿಗೆ ಎನ್‌ಸಿಸಿ ಪರೇಡು, ಎದುರುಮನೆಯವರಿಗೆ ಸುದ್ದಿ. ಮಗುವಿಗೆ ಮಾತ್ರ 'ಸುಮ್ಮನಿರು' ಎಂಬ ಅಪ್ಪಣೆಯೊಂದೇ. ಹೆದರಿಕೆಯಲ್ಲಿ ಅದಕ್ಕೆ ಪೂರ್ತಿ ಪಾಲಿದೆ. ಆ ಹೆದರಿಕೆಗೆ ಏನಾದರೂ ಮಾಡುವುದರಲ್ಲಿ ಪಾಲಿಲ್ಲ. ಎಲ್ಲರೂ ಕಾಪಾಡುವ ಆ ಮಗುವಿಗೆ, ತಾನು ಯಾರನ್ನಾದರೂ ಕಾಪಾಡುತ್ತಿದ್ದೇನೆ ಎಂದಾದಾಗ ಬೆನ್ನು ನೆಟ್ಟಗಾಗುತ್ತದೆ. ಮನೆಯಲ್ಲಿ ನನಗಿಂತ ಚಿಕ್ಕವರು ಯಾರೂ ಇರಲಿಲ್ಲ. ಮೋರಿಯಲ್ಲಿ ಇದ್ದರು. ಬೀದಿನಾಯಿಗೂ ಮಗುವಿಗೂ ಯುದ್ಧಕಾಲದಲ್ಲಿ ಬೆಸೆಯುವ ನಂಟಿನ ಬುಡ ಇಲ್ಲಿದೆ ಎಂದು ನನ್ನ ನಂಬಿಕೆ. ನಾಯಿ ಮಗುವಿಗೆ ಸಮಾಧಾನ ಮಾಡುತ್ತದೆ ಎನ್ನುತ್ತಾರಲ್ಲ, ಅದು ಆಮೇಲಿನ ಮಾತು. ಮೊದಲು ಅದು ಮಗುವಿಗೆ ಒಂದು ಜವಾಬ್ದಾರಿ ಕೊಡುತ್ತದೆ.

ದೊಡ್ಡವರು ಈ ಜವಾಬ್ದಾರಿಯನ್ನು ಎಷ್ಟು ಸುಲಭವಾಗಿ ಕಿತ್ತುಕೊಳ್ಳುತ್ತಾರೆ ಎಂಬುದಕ್ಕೆ 1939ರ ಲಂಡನ್ ಸಾಕ್ಷಿ. ಸೆಪ್ಟೆಂಬರ್ ಮೊದಲ ವಾರದಲ್ಲಿ, ಬ್ರಿಟನ್ ಯುದ್ಧ ಸಾರಿದ ಹೊತ್ತಿನಲ್ಲಿ, ಒಂದು ಬಾಂಬೂ ಬೀಳುವ ಮೊದಲೇ, ಅಲ್ಲಿನ ಜನ ತಮ್ಮ ನಾಯಿ ಬೆಕ್ಕುಗಳನ್ನು ಸಾಲುಗಟ್ಟಿ ಒಯ್ದು ಕೊಲ್ಲಿಸಿದರು. ಸುಮಾರು ನಾಲ್ಕು ಲಕ್ಷ ಪ್ರಾಣಿಗಳು ಎಂದು ಇತಿಹಾಸಕಾರರು ಬರೆದಿದ್ದಾರೆ. ಹಿಂಸೆ ಪಡುವುದಕ್ಕಿಂತ ಇದೇ ಒಳ್ಳೆಯದು ಎಂಬ ಕನಿಕರದಿಂದಲೇ ಬಹಳ ಜನ ಹಾಗೆ ಮಾಡಿದ್ದು. ಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗೆ ಕಳಿಸಿದ ದಿನಗಳೂ ಅವೇ. ತನ್ನ ನಾಯಿಗೆ ಯಾರು ಊಟ ಹಾಕುತ್ತಿದ್ದಾರೋ ಎಂದು ಅಲ್ಲಿ ಕೂತು ಯೋಚಿಸಿದ ಮಕ್ಕಳು ಎಷ್ಟಿರಬೇಡ!

ಅಜ್ಜಿ ಹೊಸಹಳ್ಳಿ ಕಡೆಯವಳು. ತುಂಗೆಯ ಆ ದಡದಲ್ಲಿ ಹೊಸಹಳ್ಳಿ, ಈ ದಡದಲ್ಲಿ ಮತ್ತೂರು. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. 2022ರಲ್ಲಿ ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ ಪದ್ಮಶ್ರೀ ಬಂತು. ಓದು ಬರದ ಅಜ್ಜಿಗೆ ಭಾರತ ಕಿವಿಯಿಂದಲೇ ಬಾಯಿಪಾಠ. ಯುದ್ಧದ ಸುದ್ದಿ ಕೇಳಿ ಬಂದ ರಾತ್ರಿಗಳಲ್ಲಿ ಅವಳು ಭೀಮನ ಗದೆಯ ಕಥೆ ಹೇಳಲಿಲ್ಲ, ನಾಯಿಯ ಕಥೆ ಹೇಳಿದಳು. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ. ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದ. ಹಾಗಾಗಿ ಧರ್ಮರಾಯನ ಹಿಂದೆ ಹಿಮಾಲಯ ಹತ್ತಿದ ನಾಯಿ ಸಿಗುವುದು ತಿಮ್ಮಣ್ಣನ ಪಾಲಿನಲ್ಲಿ. ನಾಯಿ ಬಿಟ್ಟು ಬಾ ಎಂದ ಇಂದ್ರನಿಗೆ ಧರ್ಮರಾಯ, ನಂಬಿ ಬಂದದ್ದನ್ನು ಬಿಟ್ಟು ನನಗೆ ಸ್ವರ್ಗ ಬೇಡ ಎಂದನಂತೆ. ಆಮೇಲೆ ಆ ನಾಯಿ ಯಮಧರ್ಮನಾಗಿ ನಿಂತಿತು ಎಂದಾಗ ನನಗೆ ಸಿಟ್ಟು ಬಂತು. "ನಾಯಿಯಾಗೇ ಇದ್ದಿದ್ರೆ ಬಿಟ್ಟುಹೋಗ್ತಿದ್ನಾ ಅಜ್ಜಿ?" ಎಂದು ಕೇಳಿದೆ. "ಇಲ್ವೇ, ನಾಯಿ ಅಂತ್ಲೇ ತಿಳ್ಕೊಂಡಲ್ವಾ ಅವ್ನು ಹಟ ಹಿಡಿದಿದ್ದು" ಎಂದಳು. ಅಜ್ಜಿಯ ಆ ಉತ್ತರಕ್ಕಿಂತ ಮೇಲಾದ ವ್ಯಾಖ್ಯಾನವನ್ನು ನಾನು ಈವರೆಗೆ ಯಾವ ಪಂಡಿತರ ಬಾಯಲ್ಲೂ ಕೇಳಿಲ್ಲ.

ಭಾರತದ ಕೊನೆಯಲ್ಲಷ್ಟೇ ನಾಯಿ ಬರುವುದೂ ಅಲ್ಲ. ಆದಿಪರ್ವದಲ್ಲೇ, ಕೌರವರು ಪಾಂಡವರು ಕಥೆಗೆ ಕಾಲಿಡುವುದಕ್ಕೆ ಮೊದಲೇ, ಜನಮೇಜಯನ ಯಜ್ಞದ ಹತ್ತಿರ ಬಂದ ಒಂದು ಮರಿಯನ್ನು ಅವನ ತಮ್ಮಂದಿರು ಹೊಡೆದು ಅಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ಸರಮೆ ವಿಚಾರಿಸುತ್ತಾಳೆ: ಹವಿಸ್ಸನ್ನು ನೆಕ್ಕಿದೆಯಾ, ನೋಡಿದೆಯಾ? ಇಲ್ಲ ಎನ್ನುತ್ತದೆ ಮರಿ. ಸರಮೆ ಯಜ್ಞಶಾಲೆಗೇ ನಡೆದು, ತಪ್ಪಿಲ್ಲದ ಮಗುವನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರಿಗೂ ಉತ್ತರ ಹೊಳೆಯುವುದಿಲ್ಲ. ಎಣಿಸದ ಕಡೆಯಿಂದ ನಿನಗೆ ಭಯ ಬರಲಿ ಎಂದು ಅವಳು ಶಪಿಸಿ ಹೋಗುತ್ತಾಳೆ. ಅಷ್ಟು ದೊಡ್ಡ ಯುದ್ಧದ ಕಥೆಯ ಬಾಗಿಲಲ್ಲೇ ಪೆಟ್ಟು ತಿಂದ ನಾಯಿಮರಿ ಕೂತಿದೆ. ಯುದ್ಧ ಎಂದರೆ ಏನೆಂದು ಹೇಳಲು ವ್ಯಾಸರಿಗೆ ಅದಕ್ಕಿಂತ ಸಣ್ಣ, ಅದಕ್ಕಿಂತ ಸ್ಪಷ್ಟವಾದ ಇನ್ನೊಂದು ಜೀವ ಸಿಗಲಿಲ್ಲವೇನೋ.

ಮೋರಿಯ ಗುಟ್ಟು ನನ್ನದೊಬ್ಬಳದೇ ಆಗಿರಲಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬನಿಗೂ ಗೊತ್ತಿತ್ತು. ಅವನ ಮನೆಯಲ್ಲಿ ಉರ್ದು. ಅವನಪ್ಪ, ನನ್ನಪ್ಪ ಒಂದೇ ಪಾಳಿಯವರು, ಒಂದೇ ಕುಲುಮೆಯ ಮುಂದೆ ಬೆವರು ಸುರಿಸುವವರು. ಭದ್ರಾವತಿ ಹಾಗೆಯೇ ಬೆಳೆದ ಊರು: ತಮಿಳರು, ತೆಲುಗರು, ಮಲೆಯಾಳಿಗಳು, ಮರಾಠರು, ನಾವು, ಎಲ್ಲರಿಗೂ ಒಂದೇ ಸೈರನ್. ಆದರೆ ಆ ಡಿಸೆಂಬರಿನಲ್ಲಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರು ಅವನ ಅಮ್ಮ ಬಂದಾಗ ಮಾತು ನಿಲ್ಲಿಸುತ್ತಿದ್ದರು. ಮಕ್ಕಳು ಲಗೋರಿಯಲ್ಲಿ ಅವನನ್ನು ಪಾಕಿಸ್ತಾನದ ಕಡೆಗೆ ಹಾಕಿದರು. ಅವನು ಏನೂ ಅನ್ನದೆ ಆಟ ಬಿಟ್ಟು ಮೋರಿಗೆ ಬಂದು ಕೂರುತ್ತಿದ್ದ. ಹಾಲಿನ ಕೆನೆಯನ್ನು ಚಿಪ್ಪಿನಲ್ಲಿ ತರುವನು. ಕೆಂಚಿ ಅವನನ್ನೂ ನನ್ನನ್ನೂ ಮರಿಗಳ ಹತ್ತಿರದವರೆಗೆ ಬಿಟ್ಟುಕೊಳ್ಳುತ್ತಿದ್ದಳು. ಲಗೋರಿ ಆಡುವ ಉಳಿದವರಲ್ಲಿ ಒಬ್ಬರನ್ನೂ ಬಿಡುತ್ತಿರಲಿಲ್ಲ.

ನಾಯಿಗಳಿಗೂ ಗಡಿ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. ಪಕ್ಕದ ಸಾಲಿನ ಕರಿಯ ಮೋರಿ ದಾಟಿ ಬಂದರೆ ಕೆಂಚಿ ಕತ್ತಿನ ಕೂದಲು ನಿಮಿರಿಸಿ ಮೇಲೆ ಬೀಳುತ್ತಿದ್ದಳು. ಕರಿಯ ಬಾಲ ಮಡಚಿ ನೆಲಕ್ಕೆ ಹೊಟ್ಟೆ ತಾಗಿಸಿದರೆ ಅಲ್ಲಿಗೆ ಜಗಳ ಮುಗಿಯಿತು. ಸೋತವನ ಮೇಲೆ ಮತ್ತೆ ಹಲ್ಲೂರುವುದನ್ನು ನಾನು ಅಲ್ಲಿ ಕಾಣಲಿಲ್ಲ.

ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಸುಮಾರು 93,000 ಜನ ಸೆರೆಯಾದರು. ನಮ್ಮ ಬೀದಿಯಲ್ಲಿ ಬೂಂದಿ ಹಂಚಿದರು, ಹಿರಿಯರು ಕಿಟಕಿಯ ಕಾಗದ ಕಿತ್ತರು, ದೀಪಾವಳಿಯಲ್ಲಿ ಮಿಕ್ಕ ಪಟಾಕಿ ಹೊರಬಂತು. ಯುದ್ಧ ನಡೆದಷ್ಟು ದಿನ ಬೆಚ್ಚದ ಕೆಂಚಿ ಗೆಲುವಿನ ಪಟಾಕಿಗೆ ತತ್ತರಿಸಿಹೋದಳು. ಒಂದು ಆನೆಪಟಾಕಿ ಮೋರಿಯ ಹತ್ತಿರವೇ ಸಿಡಿಯಿತು. ಅವಳು ಒಂದು ಮರಿಯ ಕತ್ತಿನ ಚರ್ಮ ಕಚ್ಚಿಕೊಂಡು ಹೊರಬಂದು, ಗುಂಪು ಕಂಡು ತಡೆದು, ಮರಿಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ನಮ್ಮ ಹಿತ್ತಿಲ ಕಡೆ ಓಡಿದಳು. ಹಿಂದಿನ ಸಾಲಿನ ಹುಡುಗ ಅಂಗಿ ಬಿಚ್ಚಿ, ಉಳಿದ ಮರಿಗಳನ್ನು ಅದರಲ್ಲಿ ಸುತ್ತಿಕೊಂಡು ಅವಳ ಹಿಂದೆಯೇ ಓಡಿ ಬಂದ. ಚಳಿಯಲ್ಲಿ ಬರಿಮೈಯಲ್ಲಿ ನಿಂತಿದ್ದ ಅವನನ್ನು ಅಜ್ಜಿ ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಅಣ್ಣನ ಹಳೆಯ ಸ್ವೆಟರ್ ತಂದುಕೊಟ್ಟಳು, ಸೌದೆ ಕೊಟ್ಟಿಗೆಯ ಬಾಗಿಲು ತೆಗೆದಳು. ಕೊಟ್ಟಿಗೆಯಲ್ಲಿ ಕೆಂಚಿ ಮರಿಗಳನ್ನು ಒಂದೊಂದಾಗಿ ಮೂಸಿ, ಎಲ್ಲ ಇವೆ ಎಂದು ಖಾತ್ರಿಯಾದ ಮೇಲೆ ಮಲಗಿದಳು. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು, ಯಾರನ್ನಾದರೂ ಕಚ್ಚಿದರೆ ಏನು ಗತಿ ಎಂದು ಹೇಳುತ್ತಲೇ ಇದ್ದರು.

ಮರಿಗಳಲ್ಲಿ ಒಂದನ್ನು ಲಾರಿಯವರು ತರೀಕೆರೆ ಕಡೆ ಒಯ್ದರು, ಒಂದು ಪೇಪರ್ ಟೌನಿನ ಹಾಲಿನವರ ಮನೆ ಸೇರಿತು, ಉಳಿದವು ಬೀದಿಯಲ್ಲೇ ಬೆಳೆದವು ಅಥವಾ ಬೆಳೆಯಲಿಲ್ಲ. ಕೆಂಚಿ ಇನ್ನೂ ಕೆಲವು ವರ್ಷ ಇದ್ದಳು. ಯುದ್ಧ ಮುಗಿದ ಮೇಲೂ ಹತ್ತು ಗಂಟೆಯ ರೊಟ್ಟಿ ನಿಲ್ಲಲಿಲ್ಲ.

ನಾಯಿಯನ್ನು ನೆನಪಿಡುವುದು ಕನ್ನಡ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಕ್ರಿ.ಶ. 950ರ ಆಸುಪಾಸಿನದು, ಅದೂ ಯುದ್ಧದ ಬೆನ್ನಿಗೇ ಹುಟ್ಟಿದ್ದು. ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಜೊತೆ ಹೋರಾಡಿದ ಮಣಲೇರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಕಾಳಿ ದೊಡ್ಡ ಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ಅವಕ್ಕಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಜರ ಯುದ್ಧ ಕಲ್ಲಿನ ಅಂಚಿನ ಬರಹಕ್ಕೆ ಸರಿದಿದೆ. ನಡುವೆ ನಾಯಿ ಹಂದಿ ಮುಖಾಮುಖಿ ನಿಂತಿವೆ. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲೂ ವೀರಗಲ್ಲುಗಳಿವೆ. ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ನಾನು ಅಲ್ಲಿಗೆ ಹೋದಾಗಲೆಲ್ಲ ಹುಡುಕುವುದು ಮನೆಯಲ್ಲಿ ಕಾದು ಕೂತ ಮಕ್ಕಳನ್ನು. ನೋಡಿದ ಕಲ್ಲುಗಳಲ್ಲಿ ಅವರು ಸಿಕ್ಕಿಲ್ಲ. ನಮ್ಮ ಜಿಲ್ಲೆಯವರೇ ಆದ ಕುವೆಂಪು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ಕೊಟ್ಟ ಜಾಗ ಕಲ್ಲಿನ ಸ್ಮಾರಕಕ್ಕಿಂತ ದೊಡ್ಡದು. ತುಂಬಿದ ತುಂಗೆಯಲ್ಲಿ ಅದು ಕೊಚ್ಚಿಹೋಗುವ ಭಾಗವನ್ನು ಓದಿ ಅಪ್ಪ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಹೋಗಿಬಿಟ್ಟಿದ್ದರು.

ಇದೇ ನೆಲದಲ್ಲಿ, 2021ರ ಸೆಪ್ಟೆಂಬರಿನಲ್ಲಿ, ಭದ್ರಾವತಿ ತಾಲೂಕಿನ ಕಂಬದಾಳು ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂಳಿದ್ದಾರೆಂಬ ದೂರು ಬಂತು. ಗುಂಡಿ ಅಗೆಸಿ ಶವಗಳನ್ನು ಹೊರತೆಗೆಸಿದರು, ಪೊಲೀಸ್ ಪ್ರಕರಣವಾಯಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬೀದಿನಾಯಿ ಕಚ್ಚಿ ನೊಂದವರ ಕಷ್ಟ ನನಗೆ ಗೊತ್ತು. ಅಮ್ಮನ ಭಯದ ಜೊತೆಯಲ್ಲೇ ಬೆಳೆದವಳು ನಾನು. ಆದರೆ ಇವತ್ತು ಹೊಕ್ಕುಳ ಸುತ್ತಿನ ಇಂಜೆಕ್ಷನ್ ಇಲ್ಲ, ತೋಳಿಗೆ ಕೊಡುವ ಒಳ್ಳೆಯ ಲಸಿಕೆ ಇದೆ. ನಾಯಿಗೇ ಲಸಿಕೆ ಹಾಕಿ, ಸಂತಾನಹರಣ ಮಾಡಿ ಬಿಡಬೇಕೆಂಬ ನಿಯಮ 2001ರಿಂದ ಇದೆ. ಇಷ್ಟೆಲ್ಲ ಇದ್ದೂ ಗುಂಡಿ ತೋಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಆ ನಾಯಿಗಳಿಗೂ ಯಾವುದೋ ಮನೆಯ ಮಗು ಒಂದೊಂದು ಹೆಸರಿಟ್ಟಿತ್ತು. ಮಾರನೆಯ ದಿನ ಬಟ್ಟಲು ಹಿಡಿದು ಬೀದಿಗೆ ಬಂದಾಗ ಆ ಮಗುವಿಗೆ ಯಾರು ಏನು ಹೇಳಿದರು?

2022ರಲ್ಲಿ ಉಕ್ರೇನಿನಿಂದ ನಮ್ಮ ವಿದ್ಯಾರ್ಥಿಗಳು ವಾಪಸು ಬರುವಾಗ ಕೆಲವರು ನಾಯಿ ಬೆಕ್ಕುಗಳನ್ನು ಬಿಟ್ಟು ವಿಮಾನ ಹತ್ತಲು ಒಪ್ಪಲಿಲ್ಲ. ಕೇಂದ್ರ ಸರ್ಕಾರ ಆ ಒಂದು ಸಲಕ್ಕೆ ನಿಯಮ ಸಡಿಲಿಸಿ ಅವನ್ನೂ ಕರೆತರಲು ಬಿಟ್ಟಿತು. ಅದೇ ದಿನಗಳಲ್ಲಿ, ಮಾರ್ಚ್ 1ರಂದು, ಪಕ್ಕದ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಒಬ್ಬ ಹುಡುಗನ ಸಾವಿನ ಮುಂದೆ ನಾಯಿಯ ಮಾತೇ ಎಂದು ಆಗ ಕೆಲವರು ಟೀಕಿಸಿದ್ದನ್ನು ಕೇಳಿದೆ. ಸಾವು ನಮ್ಮ ಕೈಮೀರಿದ್ದು. ಚೀಲದಲ್ಲಿ ನಡುಗುತ್ತಿರುವ ನಾಯಿ ಕೈಯೊಳಗಿರುವುದು. ಆ ಚಳಿಯಲ್ಲಿ ಗಡಿಯವರೆಗೆ ನಡೆದ ಮಕ್ಕಳಿಗೆ ಈ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಈಗ ನಾನು ಶಿವಮೊಗ್ಗದ ವಿನೋಬನಗರದಲ್ಲಿದ್ದೇನೆ. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂದು ಕಾರ್ಮಿಕರು ಬೀದಿಗಿಳಿದರು. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕೊಲೆಯಾದ 26 ಜನರಲ್ಲಿ ನಮ್ಮ ಶಿವಮೊಗ್ಗದವರೊಬ್ಬರಿದ್ದರು. ಅವರ ಮಗನ ವಯಸ್ಸಿನ ಮಕ್ಕಳಿರುವ ಮನೆಗಳಲ್ಲೆಲ್ಲ ಟಿ.ವಿ. ಬಂದ್ ಮಾಡಬೇಕೋ ಬೇಡವೋ ಎಂದು ಆ ವಾರ ಯಾರಿಗೂ ತಿಳಿಯಲಿಲ್ಲ. ಮೇ 7ರ ನಸುಕಿನಲ್ಲಿ ಆಪರೇಷನ್ ಸಿಂಧೂರ ನಡೆಯಿತು. ಅದೇ ದಿನ ದೇಶದ ಹಲವೆಡೆ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ. ಸುದ್ದಿವಾಹಿನಿಗಳು ಮಾತಿಗೊಮ್ಮೆ ಸೈರನ್ ಹಾಕತೊಡಗಿದವು. ಜನರಿಗೆ ನಿಜವಾದ ಸೈರನ್ನಿನ ಎಚ್ಚರವೇ ಹೋಗಿಬಿಡುತ್ತದೆಂದು ಸರ್ಕಾರ 10ನೇ ತಾರೀಕು ಅದನ್ನು ನಿಲ್ಲಿಸಿ ಎಂದು ಸೂಚನೆ ಕೊಡಬೇಕಾಯಿತು.

ಪಕ್ಕದ ಮನೆಯ ಹುಡುಗಿಗೆ ಆಗ ಬೇಸಿಗೆ ರಜೆ. ನಮ್ಮ ರಸ್ತೆಯ ಬಿಳಿ-ಕಪ್ಪು ನಾಯಿಗೆ ಅವಳು ಮೊದಲಿನಿಂದಲೂ ಪಾರ್ಲೆ-ಜಿ ಹಾಕುತ್ತಿದ್ದವಳೇ. ಆ ವಾರ ಒಂದು ಸಂಜೆ ಗೇಟಿನ ಹತ್ತಿರ ನಿಂತು, "ಅಜ್ಜಿ, ಸೈರನ್ ಹೊಡೆದ್ರೆ ನಾವು ಮನೆ ಒಳಗೆ ಹೋಗ್ಬೇಕಂತೆ. ಇದು ಯಾರ ಮನೆ ಒಳಗೆ ಹೋಗ್ಬೇಕು?" ಎಂದು ಕೇಳಿದಳು. ಶಿವಮೊಗ್ಗದಲ್ಲಿ ಸೈರನ್ ಹೊಡೆಯುವುದಿಲ್ಲ, ಇಲ್ಲಿಗೆ ಏನೂ ಬರುವುದಿಲ್ಲ ಎಂದು ಅವಳ ಅಮ್ಮ ಒಳಗಿನಿಂದ ಸಮಾಧಾನ ಹೇಳಿದರು. ಅದು ಸತ್ಯವೇ. ಆದರೆ ಅವಳು ಕೇಳಿದ್ದು ಅದನ್ನಲ್ಲ. "ನಿಮ್ಮ ಅಮ್ಮ ಒಪ್ಪಿದ್ರೆ ನಿಮ್ಮನೆ, ಇಲ್ದಿದ್ರೆ ನಮ್ಮನೆ" ಎಂದೆ. ಅವಳು ನನ್ನ ಮುಖ ನೋಡಿ, ಮಾತು ನಿಜವೇ ಎಂದು ಅಳೆದು, ಒಳಗೆ ಓಡಿದಳು. ಸ್ವಲ್ಪ ಹೊತ್ತಿನಲ್ಲಿ ಒಂದು ಚೀಟಿ ಹಿಡಿದು ಬಂದಳು. ಅದರಲ್ಲಿ ಪಟ್ಟಿ: ಬಿಸ್ಕತ್ತು, ನೀರಿನ ಬಟ್ಟಲು, ಟಾರ್ಚು, ಹಗ್ಗ, ನನ್ನ ಮೊಬೈಲ್ ನಂಬರು. ಆ ಪಟ್ಟಿ ಮಾಡಿದ ಮೇಲೆ ಅವಳಿಗೆ ರಾತ್ರಿ ನಿದ್ದೆ ಬಂತು ಎಂದು ಅವಳ ಅಮ್ಮ ಆಮೇಲೆ ಹೇಳಿದರು.

ಅವಳ ಅಮ್ಮನಿಗೂ ಕಚ್ಚುವ ಭಯ, ನ್ಯಾಯವಾದ ಭಯ. ಅದಕ್ಕೆ ನಾವು ಮೂವರೂ ಸೇರಿ ಆ ನಾಯಿಗೆ ರೇಬೀಸ್ ಲಸಿಕೆ ಹಾಕಿಸಿದೆವು. ಹಿಡಿದುಕೊಳ್ಳುವವರು ಯಾರು ಎಂದು ಡಾಕ್ಟರು ಕೇಳಿದಾಗ ಹುಡುಗಿ ಮುಂದೆ ಬಂದು ಅದರ ಕತ್ತು ತಬ್ಬಿದಳು. ಸೂಜಿ ಒಳಹೋಗುವಾಗ ಕಣ್ಣು ಮುಚ್ಚಿಕೊಂಡದ್ದು ಅವಳು, ನಾಯಿಯಲ್ಲ. ಮೇ 10ರ ಸಂಜೆ ಗುಂಡಿನ ಕಾಳಗ ನಿಂತಿತು ಎಂಬ ಸುದ್ದಿ ಬಂದಾಗ ಚೀಟಿ ಏನು ಮಾಡುತ್ತಾಳೋ ಎಂದು ನೋಡುತ್ತಿದ್ದೆ. ಪಟ್ಟಿಯಲ್ಲಿ 'ಟಾರ್ಚು' ಎಂದಿದ್ದನ್ನು ಹೊಡೆದುಹಾಕಿ, ಕೆಳಗೆ 'ಗೋಣಿಚೀಲ' ಎಂದು ಸೇರಿಸಿ ತಂದಳು. ಮಳೆಗಾಲ ಬರುತ್ತಿದೆಯಲ್ಲ, ಅದನ್ನು ಎಲ್ಲಿ ಹಾಸುವುದು ಎಂದು ಕೇಳಿದಳು. ನಮ್ಮ ಗೇಟಿನ ಒಳಗೆ ಸ್ಕೂಟರ್ ನಿಲ್ಲಿಸುವ ಜಾಗ ಖಾಲಿ ಇದೆ, ಅಲ್ಲಿ ಎರಚಲು ಹೊಡೆಯುವುದಿಲ್ಲ ಎಂದೆ.